ಒಂಬತ್ತು ಜನರ ತಂಡಕ್ಕೆ ಹನ್ನೆರಡನೆಯವನು

ಸಿಂಗಾಪುರ
14 ಮಾರ್ಚ್ 2011, ಸೋಮವಾರ

ಪ್ರೀತಿಯ ಅಪ್ಪಾ,

ಶಾಮಲತ್ತೆಯ ಕಣ್ಣಿನ ಕಟ್ಟು ಬಿಚ್ಚಿದರೇ? ಮೈಸೂರಿನಲ್ಲಿ ಬಿಸಿಲು ಏರಿರಬೇಕು, ಟೋಪಿ ಇಲ್ಲದೆ ಔಷಧಿ ಅಂಗಡಿಗೆ ಓಡಬೇಡಿ. ಅಮ್ಮ ಚೆನ್ನಾಗಿದ್ದಾಳೆ. ನಾನು ಊಟ ಬಿಟ್ಟದ್ದಕ್ಕೆ ಪರೀಕ್ಷೆಯ ಮೇಲೆ ಗೂಬೆ ಕೂರಿಸಿದ್ದಾಳೆ. ಪರೀಕ್ಷೆಯಲ್ಲ ಅಪ್ಪಾ. ಲಿಫ್ಟ್ ನಮ್ಮ ಮಹಡಿಯಲ್ಲಿ ನಿಂತರೆ ಸಾಕು, ಯಾರೋ ಅಧಿಕಾರಿ ಬಂದರೆಂದು ಬಾಗಿಲ ಕಿಂಡಿಯಲ್ಲಿ ಇಣುಕುತ್ತೇನೆ.

ನೀವು ಊರಿಗೆ ಹೋದ ವಾರವೇ ನಮ್ಮ ಕ್ರಿಕೆಟ್ ಕ್ಲಬ್ಬಿನ ಅಧ್ಯಕ್ಷರು, ದ್ವಾರಕನಾಥ್ ಅಂಕಲ್, ಉಪೇಂದ್ರ ಎಂಬ ಶ್ರೀಮಂತರೊಬ್ಬರನ್ನು ಕರೆತಂದರು. ದೊಡ್ಡ ಬಂಡವಾಳ ಹೂಡಿದವರಿಗೆ ಇಲ್ಲಿ ಪಿಆರ್, ಅಂದರೆ ಕಾಯಂ ವಾಸದ ಹಕ್ಕು, ಕೊಡುವ ಸರ್ಕಾರಿ ಯೋಜನೆಗೆ ಅವರು ಅರ್ಜಿ ಹಾಕಿದ್ದಾರೆ. ಇಲ್ಲಿನ ಜನರೊಂದಿಗೆ ಬೆರೆತ ಪುರಾವೆಯೂ ಇದ್ದರೆ ಒಳ್ಳೆಯದೆಂದು ಅವರ ಏಜೆಂಟ್ ಹೇಳಿದನಂತೆ. ಮೂರು ವರ್ಷದಿಂದ ನಮ್ಮ ತಂಡದಲ್ಲಿದ್ದಾರೆಂದು ತೋರಿಸಿದರೆ ಎರಡು ವರ್ಷದ ಮೈದಾನದ ಬಾಡಿಗೆ ಅವರದು. "ರನ್ ಬೇಡ, ವಿಕೆಟ್ ಬೇಡ. ಟ್ವೆಲ್ತ್ ಮ್ಯಾನ್ ಅಂತ ಹಾಕ್ಬಿಡಮ್ಮಾ ಲಾಸ್ಯಾ, ಸ್ಕೋರರ್ ನೀನೇ ತಾನೆ? ನೀರು ತಂದ್ಕೊಟ್ಟೋನ್ನ ಯಾರ್ ನೆನಪಿಟ್ಕೋತಾರೆ?" ಎಂದರು ಅಂಕಲ್.

ನಾನು ಒಪ್ಪಿದೆ, ಆದರೆ ಅವರಿಗೆ ಹೆದರಿ ಅಲ್ಲ. ಆಗ ನನಗೆ ಹೆದರಿಕೆಯೇ ಇರಲಿಲ್ಲ. ಬ್ರಾಸ್ ಬಾಸಾದ ಹಳೆ ಪುಸ್ತಕದಂಗಡಿಯಿಂದ ತರುವ, ಸಮಾನತೆ, ಕಾರ್ಮಿಕರ ಹಕ್ಕು ಎನ್ನುವ ನನ್ನ ಕಿರುಹೊತ್ತಿಗೆಗಳನ್ನು ಕಂಡು ನೀವು ನಗುತ್ತೀರಿ. ನಾನು ಮಾತ್ರ ಅವನ್ನು ನಂಬುತ್ತೇನೆ. ಭಾನುವಾರ ನಮ್ಮೊಡನೆ ಆಡುವ ಶಿಪ್‌ಯಾರ್ಡ್ ಹುಡುಗರು ಹತ್ತು ವರ್ಷ ಬೆಸುಗೆ ಹಾಕಿದರೂ ಪಿಆರ್ ಕೇಳುವ ಹಾಗಿಲ್ಲ. ಉಪೇಂದ್ರ ಅವರು ಒಂದು ಚೆಕ್ ಬರೆದರೆ ಆಯಿತು. ಹಾಗಿದ್ದರೆ ಆ ಹಣದಲ್ಲಿ ನಮ್ಮ ಹುಡುಗರಿಗೆ ಮೈದಾನವಾದರೂ ಉಳಿಯಲಿ ಎಂದುಕೊಂಡೆ. ಅನ್ಯಾಯದಿಂದ ನ್ಯಾಯದ ಪಾಲು ಕಿತ್ತುಕೊಳ್ಳುತ್ತಿದ್ದೇನೆಂದು ಹೆಮ್ಮೆಪಟ್ಟೆ. ಸ್ಕೋರ್‌ಬುಕ್ಕಿನಲ್ಲಿ ನಾವು ಖಾಲಿ ಬಿಡುವ ಹನ್ನೆರಡನೆಯವನ ಸಾಲಿನಲ್ಲಿ, ಮೂವತ್ತೊಂದು ಪಂದ್ಯಗಳಲ್ಲಿ, ನನ್ನ ಕೈಯಾರೆ ಅವರ ಹೆಸರು ಬರೆದೆ. ಅಂಕಲ್ ನಕಲು ಪ್ರತಿ ಮಾಡಿಸಿ, ಅರ್ಜಿಯ ಜೊತೆ ಇಡಲು ಅವರಿಗೆ ಕೊಟ್ಟರು.

ಶನಿವಾರ ಆ ಯೋಜನೆಯ ಸರ್ಕಾರಿ ಕಚೇರಿಯಿಂದ, ಸ್ಕೋರರ್ ಎಂದು ನನ್ನ ಹೆಸರಿಗೇ ಪತ್ರ ಬಂತು. ಶುಕ್ರವಾರದೊಳಗೆ ಮೂಲ ಪುಸ್ತಕ ಕಚೇರಿಗೆ ತರಬೇಕಂತೆ, ಒಂದು ಪುಟದ ಬಗ್ಗೆ ಕೇಳುವುದಿದೆಯಂತೆ. ಪುಟ ತೆಗೆದು ನೋಡಿದೆ. 2009ರ ಜುಲೈ. ನೆನಪಿದೆಯಾ? ಹುಡುಗರ ಲಾರಿ ಕೆಟ್ಟು, ಒಂಬತ್ತೇ ಜನ ಆಡಿದ ಪಂದ್ಯ. ನೀವು ಸ್ಲಿಪ್‌ನಿಂದ ಬೌಂಡರಿಯವರೆಗೆ ಓಡಿ, ಮೀನಖಂಡ ಹಿಡಿದು ಹುಲ್ಲಿನ ಮೇಲೆ ಮಲಗಿ, "ಇವತ್ತು ನಾನೊಬ್ನೇ ಮೂರು ಜನ ಕಣಮ್ಮಾ" ಎಂದು ನಕ್ಕಿದ್ದಿರಿ. ಪುಟದಲ್ಲಿ ಒಂಬತ್ತು ಹೆಸರು, ಎರಡು ಖಾಲಿ ಸಾಲು, ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ ಉಪೇಂದ್ರ. ಇಬ್ಬರು ಕಡಿಮೆ ಬಿದ್ದಾಗಲೂ ಆಡದೆ ಹೊರಗೆ ಕುಳಿತ ಹನ್ನೆರಡನೆಯವನು! ಕ್ರಿಕೆಟ್ ಗೊತ್ತಿಲ್ಲದವರಿಗೂ ಕಾಣುವ ಸುಳ್ಳು.

ಅಂಕಲ್ ಈಗ, "ನೀರಲ್ಲಿ ನೆನೆದೋಯ್ತು ಅಂದ್ಬಿಡೋಣ, ಬುಕ್ ನಂಗೆ ಕೊಟ್ಬಿಡು" ಎನ್ನುತ್ತಾರೆ. ಅದನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟಿದ್ದೇನೆ. ಅಮ್ಮ ಅನ್ನಕ್ಕೆ ಇಡಲು ಹೋದಾಗಲೆಲ್ಲ ನಾನೇ ಓಡಿಹೋಗಿ ಅಕ್ಕಿ ಅಳೆದುಕೊಡುತ್ತೇನೆ. ಜೂನ್‌ನಲ್ಲಿ ನಮ್ಮ ಪಿಆರ್ ನವೀಕರಣವಾಗಬೇಕು. ನನ್ನ ತಪ್ಪಿಗೆ ನಿಮ್ಮನ್ನು ಮತ್ತೆ ಈ ದೇಶದೊಳಗೆ ಬಿಡದೇ ಹೋದರೆ?

ಅತ್ತೆಗೆ ನನ್ನ ನಮಸ್ಕಾರ ತಿಳಿಸಿ. ಅವರ ಕಣ್ಣಿಗೆ ಹನಿ ಹಾಕುವಾಗ ನಿಮ್ಮ ಕೈ ನಡುಗದಿರಲಿ.

ನಿಮ್ಮ
ಲಾಸ್ಯಾ

ಮರೆತಿದ್ದು: ಆ ಪುಟದ ಕೆಳಗೆ ನಾಯಕನ ಸಹಿ ನಿಮ್ಮದು. ನೀವು ಸಹಿ ಹಾಕಿದಾಗ ಆ ಸಾಲು ಖಾಲಿಯಿತ್ತು, ಹೆಸರು ಸೇರಿಸಿದವಳು ನಾನು ಎಂದು ಶುಕ್ರವಾರ ಬೆಳಿಗ್ಗೆ ಪುಸ್ತಕದೊಂದಿಗೆ ನಾನೇ ಹೋಗಿ ಹೇಳುತ್ತೇನೆ. ಟಪಾಲು ಒಂದು ವಾರ ಹಿಡಿಯುತ್ತದೆಂದೇ ಈ ಕಾಗದ. ಫೋನಿನಲ್ಲಿ ನೀವು ಬೇಡವೆಂದರೆ ನಿಮ್ಮ ಮಾತು ಕೇಳಿ ಹೋಗದೆ ಉಳಿದುಬಿಡುತ್ತೇನೆ ಅಪ್ಪಾ, ಅಷ್ಟು ಹೆದರಿದ್ದೇನೆ.