ಹೊಳಪಿಗೆ ಕೆಟ್ಟ ಸಾಲು

ಮಾರ್ಚ್ ೩, ಬೆಳಿಗ್ಗೆ

ಕಣ ಹಿಡಿಯುವ ಡಿಟೆಕ್ಟರಿಗೆ ಗ್ಯಾಸ್ ಬಿಟ್ಟೆ. ಹೈವೋಲ್ಟೇಜ್ ಏರಿಸಿದೆ. ಮತ್ತದೇ ಗೋಳು. ಮುಂದಿನ ಸಾಲಿನ ತಂತಿಗಳು ಮೂಕ. ಕಣವೊಂದು ಹಾದರೆ ಪ್ರತಿ ತಂತಿಯೂ ‘ಇಲ್ಲಿ ಹೋಯ್ತು’ ಎನ್ನಬೇಕು. ಆ ಚುಕ್ಕೆಗಳನ್ನು ಸೇರಿಸಿದರೇ ಅದರ ದಾರಿ. ಈಗ ದಾರಿ ನಡುವಿನಿಂದ ಶುರು! ಹೋದ ತಿಂಗಳು ಎಲ್ಲ ಸರಿಯಿತ್ತು. ಪರೀಕ್ಷೆಗೆ ವೇಗದ ಕಣಗಳ ಧಾರೆ, ಬೀಮ್, ಸಿಗುವುದು ಈ ತಿಂಗಳ ಕೊನೆಗೆ. ತಪ್ಪಿದರೆ ಎರಡು ವರ್ಷ ಬಾಯಿಗೆ ಮಣ್ಣು.

ಮಾರ್ಚ್ ೪

ಲ್ಯಾಬ್ ಮುಖ್ಯಸ್ಥರ ತೀರ್ಪು ಸಿದ್ಧ.

“ತಂತಿ ಕಟ್ಟೋ ಹೆಂಗಸರು ಬರಿಗೈಲಿ ಮುಟ್ಟಿರ್ತಾರೆ. ಕಾಂಟ್ರಾಕ್ಟ್ ಮುಗಿಸಿ.”

“ಸರ್, ಎಲ್ಲ ಸಾಲೂ ಅವರೇ ಕಟ್ಟಿದ್ದು. ಕೆಟ್ಟಿದ್ದು ಒಂದೇ.”

“ಯೂನಿಯನ್ ಭಾಷಣ ಬಿಡಿ. ಫಿಸಿಕ್ಸ್ ಹೇಳಿ.”

ಹೇಳಿದ್ದೇ ಫಿಸಿಕ್ಸ್ ಕಣಯ್ಯಾ! ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ ಹಾಸಿದವರನ್ನೇ ಹೊರದಬ್ಬುತ್ತಾರೆ.

ಮಾರ್ಚ್ ೫

ತಂತಿ ಕೋಣೆ. ಅಲ್ಲಿನ ನಾಲ್ವರಲ್ಲಿ ಹಿರಿಯಳನ್ನು ಎಲ್ಲರೂ ಅಕ್ಕ ಅನ್ನುತ್ತೇವೆ. ಕೂದಲಿಗಿಂತ ಸಪೂರ ತಂತಿ ಬಿಗಿಯುತ್ತಿದ್ದಳು. ತಲೆ ಎತ್ತಲಿಲ್ಲ.

“ನಮ್ಮನ್ನ ತೆಗೀತಾರಂತೆ?”

“ಯಾರಂದ್ರು ಅಕ್ಕ?”

“ಗೋಡೆ ಹೇಳ್ತು. ನೀನು ಹೇಳ್ಬೇಕಿತ್ತು ಕಣಮ್ಮ.”

ಮುಖ ಎಲ್ಲಿಡಲಿ?

ಮಾರ್ಚ್ ೯

ಮೂರು ದಿನ ಬರೆಯಲಿಲ್ಲ. ಬರೆದರೆ ಬರೀ ಬೈಗುಳ. ಕೇಬಲ್ ಬದಲಿಸಿದೆ, ಸೋರಿಕೆ ನೋಡಿದೆ... ಸೊನ್ನೆ.

ಊಟದ ಹೊತ್ತಿಗೆ ಮಗಳು ಪೇಪರ್ ಹಿಡಿದು ಬಂದಳು. “ಅಮ್ಮಾ, ನಿನ್ನ ಡಬ್ಬಿ ಫೋಟೊ! ಕಾರಿನ ಥರ ಹೊಳೀತಿದೆ.”

ಹೌದು. ಅಲ್ಯೂಮಿನಿಯಂ ಚೌಕಟ್ಟು ಥಳಥಳ. ತಂತಿ ಕಾಣಲೆಂದು ಮುಂದಿನ ಮುಚ್ಚಳವನ್ನೂ ಬಿಚ್ಚಿದ್ದಾರೆ. ಹೋದ ತಿಂಗಳ ಕೊನೆಗೆ, ನಾನು ರಜೆಯಲ್ಲಿದ್ದ ದಿನ ತೆಗೆದದ್ದು. ಪಕ್ಕದಲ್ಲಿ ಮುಖ್ಯಸ್ಥರ ನಗು.

ಮಾರ್ಚ್ ೧೦

ಮುಖ್ಯಸ್ಥರ ಡ್ರೈವರನ್ನು ಹಿಡಿದೆ. “ಫೋಟೊ ದಿನ ಸಾಹೇಬ್ರು ಕಾರ್ ಪಾಲಿಷ್ ಸ್ಪ್ರೇ ಕೇಳಿದ್ರು ಮೇಡಂ. ಖಾಲಿ ಡಬ್ಬ ವಾಪಸ್ ಕೊಟ್ರು!”

ಆ ಪಾಲಿಷ್ ಅಂದರೆ ಸಿಲಿಕೋನ್ ಎಣ್ಣೆ. ತಂತಿಗೆ ಮೆತ್ತಿದರೆ ಮುಗಿಯಿತು. ಕೈಗೆ ಹಚ್ಚುವ ಕ್ರೀಮ್‌ನಲ್ಲೂ ಅದಿರುತ್ತದೆ, ಅದಕ್ಕೇ ತಂತಿ ಕೋಣೆಯವರು ಕ್ರೀಮ್ ಹಚ್ಚುವಂತಿಲ್ಲ. ಸ್ಪಿರಿಟ್‌ನಲ್ಲಿ ತೊಳೆದೂ ತೊಳೆದೂ ಬೆರಳು ಬಿರಿದು ರಕ್ತ ಬಂದರೂ ಇಲ್ಲ. ಆ ನಿಯಮ ಹಾಕಿದ ಮಹಾಶಯರು ಯಾರು? ಇವರೇ!

ಮಾರ್ಚ್ ೧೧, ಬೆಳಿಗ್ಗೆ

ಮುಖ್ಯಸ್ಥರ ಮುಂದೆ ಆ ಪೇಪರ್ ಇಟ್ಟೆ. “ಸ್ಪ್ರೇ ವಿಷಯ ಎತ್ತಬೇಡಿ. ಆ ಸಾಲು ಮತ್ತೆ ಕಟ್ಟಿಸಿ.”

“ಯಾರ ಕೈಲಿ ಸರ್?”

“ಅವರೇ ಕಟ್ಟಲಿ. ಆಮೇಲೆ ಕಳಿಸಿದರಾಯ್ತು.”

ಥೂ.

ಅದೇ ದಿನ, ಮಧ್ಯಾಹ್ನ

ನಾಲ್ವರಿಗೂ ಎಲ್ಲ ಹೇಳಿದೆ. ಅಕ್ಕ ಚಿಮಟ ಕೆಳಗಿಟ್ಟಳು. ಕೈಗವಸು ಕಳಚಿದಳು. ಚೀಲದಿಂದ ಕ್ರೀಮ್ ತೆಗೆದು, ಒಂದೊಂದೇ ಬೆರಳಿಗೆ, ಅವಸರವಿಲ್ಲದೆ ಹಚ್ಚಿಕೊಂಡಳು. ಇನ್ನು ಇವತ್ತು ತಂತಿ ಮುಟ್ಟುವಂತಿಲ್ಲ—ನಿಯಮ! ಟ್ಯೂಬ್ ಮಿಕ್ಕ ಮೂವರನ್ನೂ ಸುತ್ತಿತು.

“ತಪ್ಪು ಯಾರದು ಅಂತ ಸಾಹೇಬ್ರು ಇಲ್ಲೇ ಬಂದು ಹೇಳ್ಲಿ. ನಾಳೆನೂ ಹಚ್ಕೋತೀವಿ.”

ಬೀಮ್ ಹೋದರೆ ನನ್ನದೂ ಹೋಯಿತು. ಆರು ವರ್ಷದ ದುಡಿಮೆ.

ಟ್ಯೂಬ್ ನನ್ನೆದುರು ಬಂತು. “ನಿಂಗೆ ಬೇಡ್ವೇನಮ್ಮ?” ಎಂದಳು ಅಕ್ಕ.

ಹಚ್ಚಿಕೊಂಡೆ. ಪುಟಕ್ಕೆಲ್ಲ ಜಿಡ್ಡು, ಪೆನ್ನು ಜಾರುತ್ತಿದೆ. ಹೊರಗೆ ಬೂಟಿನ ಸದ್ದು... ಬಾಗಿಲಲ್ಲಿ ಮುಖ್ಯಸ್ಥರು.

“ಏನ್ರೀ ಇದು ವಾಸನೆ—”