ಹಂಪವ್ವ ಏರಿಸಿದ ಗೆರೆ

…ಅಥವಾ ಅಜ್ಜಿ, ನೀವು ಹೇಳಿದ್ದು ಬರೀ ತಿರುಪುಮೊಳೆಗಳ ವಿಷಯವೇ ಇರಬಹುದು. ಬೇರೆಯವರು ಜೋಡಿಸಿದ್ದನ್ನು ಬಿಚ್ಚುವ ಮುಂಚೆ ಇದ್ದದ್ದನ್ನು ಇದ್ದ ಹಾಗೆ ಬರೆದಿಟ್ಟುಕೊಳ್ಳಬೇಕು ಎಂಬ ನಿಮ್ಮ ಮಾತು ನಮ್ಮ ಮನೆಯಲ್ಲಿ ಆರು ತಲೆಮಾರು ದಾಟಿ ಬಂದಿದೆ. ಆದರೆ ಬಂದಿರುವುದು ಅರ್ಧ ಮಾತ್ರ. ಉಳಿದರ್ಧದಲ್ಲಿ ಏನಿತ್ತೆಂದು ಯಾರಿಗೂ ನೆನಪಿಲ್ಲ.

ಇಂದು ಹತ್ತೊಂಬತ್ತನೆಯ ಪದರ ಬಿದ್ದ ಇಪ್ಪತ್ತಮೂರನೆಯ ದಿನ. ನಿಮ್ಮ ಲೆಕ್ಕದಲ್ಲಿ ಎರಡು ಸಾವಿರದ ಇನ್ನೂರ ಹದಿನಾಲ್ಕನೆಯ ಇಸವಿ ಇರಬೇಕು; ನಾವು ಇಸವಿ ಎಣಿಸುವುದನ್ನು ಬಿಟ್ಟು ಬಹಳ ಕಾಲವಾಯಿತು. ನನ್ನ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ, ಮಹಾದೇವಿ ಅಜ್ಜಿ. ಆರು ತಲೆಮಾರು ಹಿಂದಿನ ನಿಮ್ಮ ಕಾಲದಲ್ಲಿ ನೀವೀಗ ಗದಗಿನ ಓಣಿಯೊಂದರಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡ ಮೂವತ್ತೊಂದರ ಹೆಂಗಸು, ನನಗೆ ಐವತ್ತೆರಡು. ಆದರೂ ಅಜ್ಜಿ ಎನ್ನದೆ ಬೇರೆ ದಾರಿಯಿಲ್ಲ.

ಪದರ ಎಂದರೆ ನೀವು ಅಪ್‌ಡೇಟ್ ಎನ್ನುವುದೇ. ನಿಮ್ಮಲ್ಲಿ ಅದು ಒಂದೊಂದು ಕಂಪ್ಯೂಟರಿಗೆ ಬೇರೆಬೇರೆಯಾಗಿ ಬರುತ್ತದಂತೆ, ಬರುವ ಮುಂಚೆ ಕೇಳುತ್ತದಂತೆ, ‘ಆಮೇಲೆ’ ಎಂದು ಒತ್ತಿದರೆ ಸುಮ್ಮನೆ ಸರಿದು ನಿಲ್ಲುತ್ತದಂತೆ. ಹಾಕಿಕೊಂಡ ಮೇಲೆ ಬೇಡವೆನಿಸಿದರೆ ಹಳೆಯದಕ್ಕೆ ಮರಳಲೂ ಬಹುದಂತೆ. ನಿಮ್ಮ ಕಾಲದ ಹಳೆಯ ಬರಹದಲ್ಲಿ ಇದನ್ನು ಓದಿದ ದಿನ ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚಾಯಿತು. ನಮ್ಮ ಮೇಲ್‌ಕೊಪ್ಪಳದಲ್ಲಿ ಪದರ ಬೆಳಗಿನ ಹೊತ್ತು ಎಲ್ಲದರ ಮೇಲೂ ಒಟ್ಟಿಗೆ ಬೀಳುತ್ತದೆ: ಬಾಗಿಲು, ಒಲೆ, ನೀರಿನ ಕವಾಟ, ಕಿವಿ. ಹಿಂದಿನ ದಿನ ಮನೆಮನೆಯಲ್ಲೂ ನಾಲ್ಕು ರೊಟ್ಟಿ ಹೆಚ್ಚಿಗೆ ಬಡಿದಿಡುತ್ತಾರೆ, ಒಲೆ ಏಳದೆ ಹೋದೀತು ಎಂದು. ಬಾಗಿಲಿಗೆ ಕಲ್ಲು ಅಡ್ಡವಿಟ್ಟು ಮಲಗುತ್ತಾರೆ. ಮರುದಿನ ನನ್ನ ಅಂಗಡಿಯ ಮುಂದೆ ಎಚ್ಚರಗೊಳ್ಳದ ಸಾಮಾನುಗಳನ್ನು ಹಿಡಿದುಕೊಂಡ ಜನರ ಸಾಲು. ಅವು ಕೆಟ್ಟಿರುವುದಿಲ್ಲ, ಹೊಸ ಪದರಕ್ಕೆ ಅವುಗಳ ಗುರುತು ಹತ್ತುವುದಿಲ್ಲ, ಅಷ್ಟೆ. ಪದರಕ್ಕೂ ಸಾಮಾನಿಗೂ ನಡುವೆ ಮಾತು ಸಾಗಿಸುವ ಸಣ್ಣದೊಂದು ಬರಹವಿರುತ್ತದೆ. ಅದನ್ನು ನಾವು ದುಭಾಷಿ ಎನ್ನುತ್ತೇವೆ. ನೀವು ಡ್ರೈವರ್ ಎನ್ನುತ್ತಿದ್ದಿರಂತೆ, ಏಕೆಂದು ನನಗೆ ತಿಳಿಯಲಿಲ್ಲ. ಹಳೆಯ ದುಭಾಷಿಯನ್ನು ಹುಡುಕಿ ತಂದು ಹೊಸ ಪದರವನ್ನು ಒಪ್ಪಿಸುವುದು ನನ್ನ ಕೆಲಸ.

ಈ ಸಲ ಸಾಲಿನಲ್ಲಿ ನನ್ನ ಗಂಡ ದ್ಯಾಮಣ್ಣನವರೂ ನಿಂತಿದ್ದರು. ಮನೆಯಲ್ಲೇ ಕೊಡಬಹುದಿತ್ತು, ಆದರೆ ಅವರು ಎಲ್ಲಿಯೂ ಸಾಲು ತಪ್ಪಿಸುವವರಲ್ಲ. ಅವರು ನೀರಾಲಿಸುವವರು. ಬೀದಿಗೆ ಕಬ್ಬಿಣದ ಸಲಾಕೆ ಊರಿ, ತುದಿಗೆ ಕಿವಿಗೊಟ್ಟು, ನೆಲದಡಿಯ ಕೊಳವೆ ಎಲ್ಲಿ ಸೋರುತ್ತಿದೆ ಎಂದು ಹೇಳುತ್ತಾರೆ. ಅವರು ಗೀರಿದ ಕಡೆ ಅಗೆಯುತ್ತಾರೆ. ಮೂರು ಸಲ ತಪ್ಪು ಜಾಗ ಅಗೆಸಿದವರ ಸಲಾಕೆಯನ್ನು ಊರಿಗೆ ನೀರು ಹಂಚುವ ನೀರುಮನೆಯವರು ವಾಪಸು ಪಡೆಯುತ್ತಾರೆ. ಅವರದು ಆಗಲೇ ಒಂದು ತಪ್ಪಾಗಿತ್ತು. ಇಪ್ಪತ್ತು ವರ್ಷಗಳಿಂದ ಅವರಿಗೆ ಕೇಳಿಸುವುದು ಕಿವಿಯ ಹಿಂದೆ ಕೂರುವ ಒಂದು ಸಾಧನದಿಂದ; ಅದನ್ನೂ ನಾವು ಕಿವಿ ಎಂದೇ ಕರೆಯುತ್ತೇವೆ. ಅದು ಆ ಬೆಳಿಗ್ಗೆ ಏಳಲಿಲ್ಲ.

“ಜಲ್ದಿ ಮಾಡು ಕಾಶವ್ವಾ, ನೀ ಬೈಯೋದ್ ಸುದ್ದಾ ಕೇಳವಲ್ದು!” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದರು. “ಅದ್ರಾಗೇನ್ ಲುಕ್ಸಾನ ಐತಿ, ಮಾವಾ?” ಎಂದು ಹಿಂದೆ ನಿಂತವನು ಅಂದ. ಅವರಿಗೆ ಅದೂ ಕೇಳಿಸಲಿಲ್ಲ.

ಮೊದಲು ಅದರ ಹಿತ್ತಾಳೆ ತುದಿಗಳನ್ನು ಒರೆಸಿದೆ. ತಂತಿ ಬದಲಿಸಿ ನೋಡಿದೆ. ಅದೇ ತಂತಿಗೆ ಬೇರೆಯವರ ಕಿವಿಯನ್ನು ಸಿಕ್ಕಿಸಿದಾಗ ಪದರ ಕೂಡಲೇ ಗುರುತಿಸಿತು, ಆದ್ದರಿಂದ ತಂತಿಯ ತಪ್ಪಲ್ಲ. ಒಳಗೆ ನೋಡಿದರೆ ಹಳೆಯ ದುಭಾಷಿಯನ್ನು ಜಾಗದಿಂದ ಎಬ್ಬಿಸಿ ಹೊಸ ಪದರ ತನ್ನದನ್ನು ಕೂರಿಸಿಬಿಟ್ಟಿದೆ. ಅದನ್ನು ಕಿತ್ತು, ಹದಿನೆಂಟನೆಯ ಪದರದ ಪ್ರತಿಯಿಂದ ಹಳೆಯದನ್ನು ತಂದು ಹಾಕಿದೆ. ಹಸಿರು ದೀಪ ಬಂತು. ಅಲ್ಲಿಗೆ ಕೆಲಸ ಮುಗಿದಿತ್ತು.

ಮುಗಿಸದೆ ನಾನು ದನಿಪಟ್ಟಿಯನ್ನು ತೆರೆದೆ. ಯಾವ ಸದ್ದನ್ನು ಎಷ್ಟು ಏರಿಸಬೇಕು ಎಂಬುದು ಅದರಲ್ಲಿ ಒಂದು ಗೆರೆಯಾಗಿ ಕಾಣುತ್ತದೆ. ಗೆರೆ ಉದ್ದಕ್ಕೂ ತಗ್ಗಾಗಿ ಹರಿದು, ಒಂದೇ ಒಂದು ಕಡೆ ಗೋಪುರದ ಹಾಗೆ ಎದ್ದಿತ್ತು. ಪಟ್ಟಿ ಬದಲಿಸಿದವರು ಕೆಳಗೆ ಕಾರಣ ಬರೆದು ಹೆಸರು ಹಾಕುವುದು ನಮ್ಮ ಕಸುಬಿನ ಪದ್ಧತಿ. ಅಲ್ಲಿ ಹೀಗಿತ್ತು: ‘ಇವರಿಗಾಗಿ. ಹಂಪವ್ವ.’

ಹಂಪವ್ವ ಅವರ ಮೊದಲ ಹೆಂಡತಿ. ನಾನು ಕೂರುವ ಈ ಮಣೆಯ ಮೇಲೆಯೇ ಕೂತು ಇದೇ ಕೆಲಸ ಮಾಡುತ್ತಿದ್ದವಳು. ಹದಿನಾರು ವರ್ಷದ ಹಿಂದೆ ಬಿಟ್ಟುಹೋದಳು. ಈಗ ಹೊಸಪೇಟೆಯಲ್ಲಿ ಕಾಲುವೆ ಯಂತ್ರಗಳನ್ನು ನೋಡಿಕೊಂಡಿದ್ದಾಳೆ. ಯಾಕೆ ಹೋದಳೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಊರಿನವರು ಮಾತ್ರ ನನ್ನ ಕೈಗೆ ಸಾಮಾನು ಕೊಡುವಾಗ, “ಹಂಪವ್ವ ಇದ್ದಾಗ ಒಂದ್ ಗಳಿಗ್ಯಾಗ ಮಾಡಿ ಕೊಡ್ತಿದ್ಲು” ಎನ್ನುತ್ತಾರೆ. ಗಂಡನನ್ನು ‘ಇವರು’ ಎಂದು ಕರೆಯುವುದು ಹೆಂಡತಿಯರ ರೂಢಿ. ಪಟ್ಟಿಯ ಕೆಳಗೆ ಕಸುಬಿನವಳು ಬರೆಯುವ ಮಾತಲ್ಲ ಅದು.

ಗೆರೆ ಎದ್ದ ಜಾಗ ತೆಳ್ಳನೆಯ ಹೆಣ್ಣುದನಿಯ ಜಾಗ. ಅವಳ ದನಿ ತೆಳ್ಳಗಿತ್ತೆಂದು ನನಗೆ ಗೊತ್ತಿತ್ತು. ನನ್ನದು ದಪ್ಪ, ತಗ್ಗಿನಲ್ಲಿ ಬಿದ್ದಿತ್ತು. ಮದುವೆಯಾದ ಹನ್ನೊಂದು ವರ್ಷವೂ ಇವರು ನನ್ನನ್ನು ಪಕ್ಕದ ಮನೆಯವಳ ಹಾಗೆ ಕೇಳಿಸಿಕೊಂಡಿದ್ದಾರೆ, ಇವರ ಕಿವಿ ಇನ್ನೂ ಅವಳಿಗಾಗಿ ತೆರೆದಿದೆ ಎಂದುಕೊಂಡೆ. ಮುಂಚೆ ಇದ್ದದ್ದನ್ನು ಬರೆದಿಡುವ ಪುಸ್ತಕ ತೆರೆದು ದಿನ ಬರೆದೆ, ಹೆಸರು ಬರೆದೆ. ಗೆರೆಯ ಅಳತೆ ಆ ಕಿವಿಯೊಳಗೆ ಬಿಟ್ಟು ಬೇರೆಲ್ಲೂ ಇರಲಿಲ್ಲ; ಅದನ್ನು ಬರೆಯಲಿಲ್ಲ. ಮರೆತೆ ಎಂದು ನಿಮಗೆ ಹೇಳಲಾರೆ. ಗೋಪುರವನ್ನು ಸಮ ಮಾಡಿ, ನನ್ನ ದನಿಯಿರುವ ಕಡೆ ಸ್ವಲ್ಪ ಏರಿಸಿ ಮುಚ್ಚಿದೆ.

ಕಿವಿಗೆ ಹಾಕಿಕೊಂಡವರು ನನ್ನ ಮೊದಲ ಮಾತಿಗೇ ಬೆಚ್ಚಿದರು. “ಅಯ್ಯ ಇವಳಽ, ನಿನ್ನ ದನಿ ಇಷ್ಟ್ ಗಡಸೇನ?” ಎಂದು ನಕ್ಕರು. ಆ ಮೂರು ದಿನ ನಾನು ಒಳಗೆ ರೊಟ್ಟಿ ಬಡಿಯುತ್ತ ಆಡಿದ ಮಾತಿಗೆ ಅವರು ಹೊರಗಿನಿಂದ ಉತ್ತರ ಕೊಟ್ಟರು. ಹನ್ನೊಂದು ವರ್ಷದಲ್ಲಿ ಹಾಗಾಗಿರಲಿಲ್ಲ.

ನಾಲ್ಕನೆಯ ದಿನ ಅವರು ಸಲಾಕೆಯನ್ನು ಬಾಗಿಲಿಗೆ ಒರಗಿಸಿ ಕಟ್ಟೆಯ ಮೇಲೆ ಕೂತರು. ಅವರು ಗೀರಿದ ಕಡೆ ಆಳುದ್ದ ಅಗೆದಿದ್ದರು, ಹನಿ ನೀರಿರಲಿಲ್ಲ. “ನೀರಿನ ಸದ್ದ ಸತ್ತೈತಿ, ಕಾಶವ್ವಾ. ಸಲಾಕಿ ಊರಿದ್ರ ಬರೇ ಮಣ್ಣು.” ಅದು ಎರಡನೆಯ ತಪ್ಪು.

ಆಗ ನನಗೆ ಹೊಳೆಯಿತು, ಗೋಪುರ ಯಾರ ದನಿಗೂ ಅಲ್ಲ. ಮಣ್ಣಿನೊಳಗೆ ಸಣ್ಣದಾಗಿ ಸೋರುವ ನೀರಿನ ಸುಯ್ಲು ಕೂಡ ಅದೇ ಜಾಗದಲ್ಲಿದೆ. ಬೀದಿಬೀದಿಯಲ್ಲಿ ಅವರ ಪಕ್ಕ ಕೂತು, ಊರಿ, ಕೇಳಿಸಿ, ತಿದ್ದಿ, ತಿಂಗಳುಗಟ್ಟಲೆ ಅವಳು ಆ ಗೆರೆಯನ್ನು ಏರಿಸಿರಬೇಕು. ತನ್ನ ದನಿಯನ್ನು ಏರಿಸಿಕೊಂಡಿದ್ದರೆ ಅವಳ ಮೇಲಿನ ಹೊಟ್ಟೆಕಿಚ್ಚನ್ನು ಹೇಗೋ ನುಂಗುತ್ತಿದ್ದೆ. ಗಂಡನ ಇಡೀ ಕಿವಿ ಕೈಯಲ್ಲಿದ್ದೂ ಅದನ್ನು ನೀರಿಗೆ ಕೊಟ್ಟು ಎದ್ದುಹೋದವಳನ್ನು ಏನು ಮಾಡಲಿ? ಕಿವಿ ನನ್ನ ಕೈಗೆ ಸಿಕ್ಕಾಗ ನಾನು ಮಾಡಿದ್ದನ್ನು ಮೇಲೆ ಬರೆದಿದ್ದೇನೆ.

ಹತ್ತೊಂಬತ್ತು ದಿನಗಳಿಂದ ಏರಿಸಿ ಇಳಿಸಿ ನೋಡುತ್ತಿದ್ದೇನೆ. “ಬಂತು, ಬಂತು… ಇಲ್ಲ, ಹೋತು” ಎನ್ನುತ್ತಾರೆ. ಅಷ್ಟು ದಿನವೂ ರಜೆ ಹಾಕಿದ್ದಾರೆ; ಸೋಮವಾರ ಹೋಗಲೇಬೇಕು. ಎಲ್ಲ ತಪ್ಪನ್ನೂ ಅವರು ಪದರದ ಮೇಲೆ ಹಾಕುತ್ತಾರೆ, ಊರೂ ಹಾಕುತ್ತದೆ. ನಾನು ಇಲ್ಲ ಎನ್ನಲಿಲ್ಲ.

ಹಂಪವ್ವನಿಗೆ ಅಳತೆ ನೆನಪಿರುತ್ತದೆ. ಹೊಸಪೇಟೆಗೆ ಕಾಗದ ಅರ್ಧ ದಿನದಲ್ಲಿ ಮುಟ್ಟುತ್ತದೆ. ಅವಳಿಗೆ ಬರೆಯಲೆಂದು ಕೂತವಳು, ಯಾವ ಅಂಚೆಯೂ ಹೋಗದ ನಿಮಗೆ ಇಷ್ಟುದ್ದ ಬರೆದೆ. ಅವಳ ಹಾಳೆಯಲ್ಲಿ ‘ಹಂಪವ್ವ’ ಎಂದು ಬರೆದು ಹೊಡೆದುಹಾಕಿದ್ದೇನೆ, ‘ಅಕ್ಕ’ ಎಂದು ಬರೆದು ಅದನ್ನೂ ಹೊಡೆದುಹಾಕಿದ್ದೇನೆ. ಅವಳ ಗೋಪುರವನ್ನು ಅಳಿಸಿದವಳು ನಾನೇ ಎಂದು ಮೊದಲ ಸಾಲಿನಲ್ಲೇ ಹೇಳಲೇ, ಅಜ್ಜಿ, ಅಥವಾ ಗೆರೆ ಎಷ್ಟು ಎತ್ತರವಿತ್ತೆಂದು ಅವಳಿಂದ ತಿಳಿದುಕೊಂಡ ಮೇಲೆ ಹೇಳಲೇ?