ಮೊಮ್ಮಗನ ಉಪ್ಪು ಬೆವರು

೧೨-೭-೨೦೧೧, ಮಂಗಳವಾರ

ಮೊಮ್ಮಗನ ಬೆವರು ಯಾಕೆ ಅಷ್ಟು ಉಪ್ಪೆಂದು ಇವತ್ತು ನನಗೂ ಮಗಳಿಗೂ ಡಾಕ್ಟರು ಬಿಡಿಸಿ ಹೇಳಿದರು. "ಜೀವಕೋಶಕ್ಕ ಪೊರೆ ಇರತೈತ್ರಿ. ಉಪ್ಪಿಗೆ ಬಾಗಿಲಾಗೋ ಪ್ರೋಟೀನು ಒಳಗ ತಯಾರಾಗಿ ಆ ಪೊರೆಯಾಗ ಕೂಡಬೇಕು. ಇವಂದು ಸೊಟ್ಟ ಆಗತೈತಿ, ಕೋಶನ ಅದನ್ನ ಮುರದು ಹಾಕತೈತಿ. ಈ ದೋಷ ತಂದಿ-ತಾಯಿ ಇಬ್ಬರಿಂದಲೂ ಬಂದೈತಿ. ಸಂಬಂಧದಾಗ ಕೊಟ್ಟೀರೇನ್ರಿ?"

ಹೌದು. ಮಗಳು ಮಾಯವ್ವನನ್ನು ನನ್ನ ತಮ್ಮ ಮಾಳಪ್ಪನಿಗೇ ಕೊಡಬೇಕೆಂದು ಹಠ ಹಿಡಿದವಳು ನಾನು. ಬಸುರಿನಲ್ಲಿ ಅವಳು ಉಪ್ಪಿನಕಾಯಿ ತಿಂದದ್ದೇ ತಪ್ಪೆಂದು ಬೈದವಳೂ ನಾನೇ.

ನಮ್ಮೂರು ಹುನ್ನೂರಿಗೆ ಬಂದ ಕೂಡಲೇ ತಮ್ಮ ಕೇಳಿದ, "ಡಾಕ್ಟರು ಏನಂದ್ರು ಅಕ್ಕಾ?"

"ಉಪ್ಪಿನಕಾಯಿಂದನ ಆಗೇತಂತ," ಎಂದೆ.

"ಯವ್ವಾ, ಖರೆ ಹೇಳ ಬೇ!" ಎಂದಳು ಮಗಳು.

ಮಾಳಪ್ಪ ಅವಳ ಕಪಾಳಕ್ಕೆ ಹೊಡೆದ. ನಾನು ಒಳಗೆ ಹೋದೆ.

ಬೀರೇಶ್ವರಾ, ಅವಳು ಹರೆಯದವಳು, ತಡೆದುಕೊಳ್ಳುತ್ತಾಳೆ. ಈ ವಯಸ್ಸಿನಲ್ಲಿ ನಾನು ತಮ್ಮನ ಮುಂದೆ ತಲೆ ತಗ್ಗಿಸಿ ನಿಲ್ಲಲಾರೆ.